ತೊಪ್ಪೂರು ಘಾಟಿಯೂ ಅಮೆರಿಕದ ಇತಿಹಾಸವೂ

ಬೆಂಗಳೂರಿನಿಂದ ಸೇಲಂಗೆ ಸರಕು ಹೊತ್ತು ಇಳಿಯುವ ಲಾರಿಯವರಿಗೆ ತೊಪ್ಪೂರು ಘಾಟಿ ಎಂದರೆ ಗಿಯರು, ಬ್ರೇಕು, ಮನೆದೇವರ ಹೆಸರು. ಧರ್ಮಪುರಿ ಕಡೆಯಿಂದ ಸೇಲಂ ಕಡೆಗೆ ಜಾರುವ ಆ ಉದ್ದದ ಇಳಿಜಾರು ಎಷ್ಟೋ ಜೀವ ತಿಂದಿದೆ. ನನಗೆ ಮಾತ್ರ ಈಚೀಚೆಗೆ ಅಲ್ಲಿ ಬಸ್ಸು ನಿಧಾನವಾದಾಗಲೆಲ್ಲ ನೆನಪಾಗುವುದು ಅಮೆರಿಕದ ಇತಿಹಾಸ. ಸಂಬಂಧ ಇದೆ, ಹೇಳುತ್ತೇನೆ.

ನನ್ನ ತಂಗಿಯ ಮೊಮ್ಮಗ ನ್ಯೂಜೆರ್ಸಿಯಲ್ಲಿ ಹನ್ನೊಂದನೆಯ ತರಗತಿ. ಎಪಿ ಎನ್ನುವ ಮೇಲ್ಮಟ್ಟದ ಅಮೆರಿಕ ಇತಿಹಾಸದ ಪಾಠ ತೆಗೆದುಕೊಂಡಿದ್ದಾನೆ. ಹೈಸ್ಕೂಲಿನಲ್ಲೇ ಕಾಲೇಜಿನ ಓದು. ಮೇ ತಿಂಗಳಲ್ಲಿ ಮೂರೂಕಾಲು ಗಂಟೆಯ ಪರೀಕ್ಷೆ. ಒಂದರಿಂದ ಐದರವರೆಗೆ ಅಂಕ. ಇಸವಿಗಳನ್ನು ಉರು ಹೊಡೆಯುತ್ತಿದ್ದೀಯೇನೋ ಎಂದು ಕೇಳಿದೆ. "ಇಸವಿ ಗೊತ್ತಿದ್ರೆ ಸಾಲಲ್ಲ ತಾತ, ಏಳು ದಾಖಲೆ ಕೊಡ್ತಾರೆ. ಯಾರು ಬರೆದ್ರು, ಯಾರಿಗೆ ಬರೆದ್ರು, ಯಾಕೆ ಬರೆದ್ರು ಅಂತ ನೋಡಿ ನಮ್ಮ ವಾದ ನಾವು ಕಟ್ಬೇಕು" ಅಂದ. ಓದಿ ಬರೆಯಲು ಒಂದು ಗಂಟೆ. ದಾಖಲೆಗಳಲ್ಲಿ ಇಲ್ಲದ ಸಂಗತಿಯೊಂದನ್ನೂ ತಾನಾಗಿ ತರಬೇಕಂತೆ. ಹದಿನಾರು ವರ್ಷದ ಹುಡುಗನಿಂದ ಇಷ್ಟು ನಿರೀಕ್ಷಿಸುವುದೇ ಅವನಿಗೆ ಕೊಡುವ ದೊಡ್ಡ ಮರ್ಯಾದೆ ಎಂದು ನನಗನ್ನಿಸಿತು.

ಆ ಪಠ್ಯಕ್ರಮ ಶುರುವಾಗುವುದು 1491ರಿಂದ, ಕೊಲಂಬಸ್ ಹಡಗು ಬಂದದ್ದಕ್ಕಿಂತ ಒಂದು ವರ್ಷ ಮೊದಲು. ಅಲ್ಲಿ ಮೊದಲೇ ಜನ ಇದ್ದರು, ಊರುಗಳಿದ್ದವು, ಬೆಳೆ ಇತ್ತು. ಅದನ್ನು ಓದಿಯೇ ಮುಂದೆ ಹೋಗಬೇಕು. ತೊಪ್ಪೂರಿನ ಚರಿತ್ರೆಯನ್ನೂ ಕಂಪನಿ ಸರ್ಕಾರದಿಂದ ಶುರು ಮಾಡಲಾಗದು. ಧರ್ಮಪುರಿ ಅಂದಿನ ತಗಡೂರು. ಅದಿಯಮಾನ್ ಅರಸರ ಊರು. ಆಮೇಲೆ ನೊಳಂಬರು ಬಂದು ಕನ್ನಡದಲ್ಲಿ ಶಾಸನ ಹಾಕಿಸಿದರು. ಈ ಸೀಮೆಯಲ್ಲಿ ಕನ್ನಡಕ್ಕೂ ತಮಿಳಿಗೂ ನಡುವೆ ಗೋಡೆ ಇರಲೇ ಇಲ್ಲ. ಈಗಲೂ ಒಂದೇ ಮನೆಯಲ್ಲಿ ಎರಡೂ ಮಾತು ಕೇಳಿಸುತ್ತವೆ.

ಈ ಎರಡು ಇತಿಹಾಸಗಳನ್ನು ಜೋಡಿಸುವವನು ಕಾರ್ನ್‌ವಾಲಿಸ್, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಒಬ್ಬ ಸೇನಾಪತಿ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಎದುರು ಅವನ ಸೈನ್ಯ ಶರಣಾಯಿತು. ಮೈಗೆ ಹುಷಾರಿಲ್ಲವೆಂದು ಹೇಳಿ ಶರಣಾಗತಿಗೆ ತನ್ನ ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ. ಅಮೆರಿಕದ ಮಕ್ಕಳಿಗೆ ಅವನ ಕಥೆ ಅಲ್ಲಿಗೆ ಮುಗಿಯುತ್ತದೆ, ನಮ್ಮ ಮಕ್ಕಳಿಗೆ 1786ರಲ್ಲಿ, ಗವರ್ನರ್ ಜನರಲ್ ಆಗಿ ಬಂದಾಗ, ಶುರುವಾಗುತ್ತದೆ. ಒಬ್ಬನೇ ಮನುಷ್ಯನನ್ನು ಎರಡು ದೇಶದ ಪುಸ್ತಕಗಳು ಸೀಳಿ ಹಂಚಿಕೊಂಡಿವೆ. ಮೂರನೆಯ ಮೈಸೂರು ಯುದ್ಧದಲ್ಲಿ, 1790ರ ನವೆಂಬರಿನಲ್ಲಿ, ಟಿಪ್ಪುವಿನ ಸೈನ್ಯ ಇದೇ ತೊಪ್ಪೂರು ಕಣಿವೆಯಲ್ಲಿ ಇಳಿದು ದಕ್ಷಿಣಕ್ಕೆ ಹೋಯಿತು. ಬೆನ್ನು ಹತ್ತಿದ ಬ್ರಿಟಿಷ್ ಜನರಲ್ ಮೆಡೋಸ್‌ನ ಕೈಗೆ ಸಿಗಲಿಲ್ಲ. ಮುಂದಿನ ವರ್ಷ ಕಾರ್ನ್‌ವಾಲಿಸ್ ತಾನೇ ದಂಡಿನ ಮುಂದೆ ನಿಂತ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಧರ್ಮಪುರಿಯ ಈ ಸೀಮೆ, ಅಂದಿನ ಬಾರಾಮಹಲ್, ಕಂಪನಿಯ ಪಾಲಾಯಿತು.

ಬಾರಾಮಹಲಿನ ಕಂದಾಯ ನೋಡಲು ಬಂದ ಅಲೆಗ್ಸಾಂಡರ್ ರೀಡ್‌ನ ಸಹಾಯಕ ಥಾಮಸ್ ಮನ್ರೋ. ಬಳ್ಳಾರಿ, ಕೆನರಾ ಕಡೆಯವರಿಗೆ ಪರಿಚಯ ಬೇಕಾಗದ ಹೆಸರು. ಅವನ ತಂದೆ ಗ್ಲಾಸ್ಗೋದಲ್ಲಿ ವರ್ಜೀನಿಯಾದ ಜೊತೆ ವ್ಯಾಪಾರ ಮಾಡುತ್ತಿದ್ದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಆ ವ್ಯಾಪಾರ ಮುಳುಗಿತು. ಮಗ ಕಂಪನಿಯ ಸೈನ್ಯಕ್ಕೆ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದ. ವರ್ಜೀನಿಯಾದವರು ರಾಜನಿಗೆ ತಿರುಗಿ ಬೀಳದಿದ್ದರೆ ಧರ್ಮಪುರಿಯ ರೈತನ ಹೊಲ ಅಳೆಯಲು ಬೇರೆ ಯಾರೋ ಬರುತ್ತಿದ್ದರು. ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ರೂಪುಗೊಂಡದ್ದು ಈ ಹೊಲಗಳಲ್ಲಿ. ಇದನ್ನು ಹೇಳಿದಾಗ ಹುಡುಗ ಪರದೆಯ ಆ ಕಡೆ ಪೆನ್ನು ಹುಡುಕತೊಡಗಿದ.

ಇನ್ನೊಂದು ಹೇಳಿದೆ. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ನಮ್ಮ ಹೈದರನದೇ ಹೆಸರು. ಹುಡುಗನ ಊರಿಂದ ಅಷ್ಟು ದೂರವೇನಲ್ಲ ಆ ಕೊಲ್ಲಿ, ಆದರೂ ತರಗತಿಯಲ್ಲಿ ಈ ಮಾತು ಬಂದಿರಲಿಲ್ಲ.

ನಮ್ಮ ಹೈಸ್ಕೂಲುಗಳಲ್ಲಿ ಕಾರ್ನ್‌ವಾಲಿಸ್ ಎಂದರೆ ಖಾಯಂ ಜಮೀನ್ದಾರಿ, 1793, ಎರಡು ಅಂಕ. ಓದುವ ಶಕ್ತಿ ನಮ್ಮ ಮಕ್ಕಳಿಗೂ ಇದೆ, ಕೇಳುವವರು ಬೇಕು. ಧರ್ಮಪುರಿಯಲ್ಲಿ ನಾನು ಮೇಷ್ಟರಾಗಿದ್ದರೆ ಹತ್ತನೆಯ ತರಗತಿಯ ಮುಂದೆ ಮೂರು ಕಾಗದ ಇಡುತ್ತಿದ್ದೆ: ಶ್ರೀರಂಗಪಟ್ಟಣದ ಒಪ್ಪಂದ, ಮನ್ರೋ ಬಾರಾಮಹಲಿನಿಂದ ಬರೆದ ಒಂದು ಪತ್ರ, ರೀಡ್‌ನ ಕಾಲದ ಕಂದಾಯದ ಒಂದು ವರದಿ. ಬಾರಾಮಹಲಿನ ದಾಖಲೆಗಳನ್ನು ಮದ್ರಾಸ್ ಸರ್ಕಾರ ಹಿಂದೆಯೇ ಅಚ್ಚು ಮಾಡಿಸಿದೆ. ಬರೆದವನಿಗೆ ಯಾರನ್ನು ಒಪ್ಪಿಸಬೇಕಿತ್ತು, ಏನನ್ನು ಬಿಟ್ಟ ಎಂದು ಕೇಳುತ್ತಿದ್ದೆ. ಮೂರರಲ್ಲೂ ಕಂದಾಯ ಕಟ್ಟಿದ ರೈತನ ಮಾತು ಇಲ್ಲವಲ್ಲ, ಅದನ್ನು ಎಲ್ಲಿ ಹುಡುಕೋಣ ಎಂದೂ ಕೇಳುತ್ತಿದ್ದೆ: ಹಳೆಯ ಕರಣಿಕರ ಲೆಕ್ಕದಲ್ಲೋ, ಕೆರೆ ಏರಿಯ ಕಲ್ಲಿನ ಮೇಲೋ, ಅಜ್ಜಿಯರ ಪದಗಳಲ್ಲೋ? ಉತ್ತರ ಬರೆಯಲು ಒಂದು ಗಂಟೆ ಸಾಲದಿದ್ದರೆ ಒಂದು ವರ್ಷ ಕೊಡುತ್ತಿದ್ದೆ.