ಹಳ್ಳಿ ಹಲ್ಲಿ ಆಗಬಾರದು ಅಂದ್ರೆ

ಕ್ಯಾಪ್ಶನ್ ಸರಣಿ, ಭಾಗ 7. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

1.
ನಿಮ್ಮ ಫೋನಿಗೆ ಕನ್ನಡ ಓದೋಕೆ ಬರುತ್ತಾ? ತೋರಿಸೋಕೆ ಬರುತ್ತೆ, ಅದು ನಿಮಗೂ ಗೊತ್ತು ನನಗೂ ಗೊತ್ತು. ಆದ್ರೆ ತೋರಿಸೋದು ಬೇರೆ, ಓದೋದು ಬೇರೆ.

ಪರೀಕ್ಷೆ ಟೈಮ್‌ಟೇಬಲ್ ಕ್ಲಾಸ್ ಗ್ರೂಪಿಗೆ ಹೇಗೆ ಬರುತ್ತೆ ನೆನಪಿಸಿಕೊಳ್ಳಿ. ನೋಟಿಸ್ ಬೋರ್ಡಿಂದ ಯಾರೋ ಹೊಡೆದ ಫೋಟೋ, ಸ್ವಲ್ಪ ಓರೆ, ಮೂಲೇಲಿ ಒಬ್ಬರ ಹೆಬ್ಬೆರಳು. ನಮಗೆ ಅದರಲ್ಲಿ ದಿನಾಂಕ ಕಾಣುತ್ತೆ. ಯಂತ್ರದ ಪಾಲಿಗೆ ಅದು ಬಣ್ಣದ ಚುಕ್ಕಿಗಳ ರಾಶಿ. ಈಗ ಕೆಲವು ಆ್ಯಪ್‌ಗಳು ಫೋಟೋದಿಂದ ಅಕ್ಷರ ಎತ್ತಿಕೊಡ್ತವೆ, ನಿಜ. ಆದ್ರೆ ಓರೆ ಫೋಟೋ, ಮಸುಕು ಸೀಲು, ಮೇಲೆ ನಮ್ಮ ಒತ್ತಕ್ಷರ ಬೇರೆ, ಅಲ್ಲಿ ಎಡವಿ ಬೀಳ್ತವೆ.

"ಅದಕ್ಕೇನೀಗ, ನಾವು ಓದ್ಕೋತೀವಲ್ಲ" ಅಂತೀರಾ? ನನ್ನ ಗೆಳತಿಯೊಬ್ಬಳಿಗೆ ಕಣ್ಣು ಕಾಣಲ್ಲ. (ಅವಳನ್ನ ಕೇಳಿಯೇ ಇದನ್ನ ಬರೀತಿದೀನಿ.) ಫೋನು ಅವಳಿಗೆ ಓದಿ ಹೇಳುತ್ತೆ, ನಮ್ಮ ಕಿವಿಗೆ ಒಂದು ಪದವೂ ಸಿಗದಷ್ಟು ಫಾಸ್ಟಾಗಿ. ಹೋದ ವರ್ಷ ಒಂದು ಸ್ಕಾಲರ್‌ಶಿಪ್ ಪ್ರಕಟಣೆ ಪಿಡಿಎಫ್ ಆಗಿ ಬಂತು. ಕಾಗದ ಸ್ಕ್ಯಾನ್ ಮಾಡಿ ಹಾಕಿದ್ದು. ಅವಳ ಫೋನಿಗೆ ಅದರಲ್ಲಿ ಓದೋಕೆ ಒಂದಕ್ಷರವೂ ಸಿಗಲಿಲ್ಲ. ನಾನು ಪೂರ್ತಿ ಓದಿ ಹೇಳಿದೆ, ಅರ್ಜಿ ಹಾಕಿದ್ಲು. ಆಮೇಲೆ ಅವಳು ಹೇಳಿದ ಮಾತು ನನ್ನ ತಲೇಲಿ ಉಳಿದುಬಿಟ್ಟಿದೆ: "ನೀನು ಓದಿ ಹೇಳ್ತೀಯ, ಬೇಜಾರಿಲ್ಲ ಕಣೇ. ಆದ್ರೆ ಅಪ್ಪನ ಆದಾಯ ಎಷ್ಟು, ನನಗೆ ಬರೋ ದುಡ್ಡೆಷ್ಟು, ಇದೆಲ್ಲ ನಮ್ಮನೆ ವಿಷಯ. ನಾನೊಬ್ಬಳೇ ಓದ್ಕೋಬೇಕು ಅನ್ಸುತ್ತೆ."

ಯಂತ್ರ ಓದೋ ಹಾಗೆ ಬರೆಯೋದು ಅಂದ್ರೆ ಯಂತ್ರಕ್ಕೆ ಮಾಡೋ ಸೇವೆ ಅಂದ್ಕೋಬೇಡಿ. ಆ ಯಂತ್ರದ ಆಚೆ ಕಡೆ ಒಬ್ಬರು ಕೂತಿರ್ತಾರೆ.

2.
ಫೋಟೋ ಬೇಡ, ಟೈಪ್ ಮಾಡಿದ್ರೆ ಮುಗೀತಾ? ಹೇಗೆ ಟೈಪ್ ಮಾಡಿದ್ರಿ ಅನ್ನೋದರ ಮೇಲೆ ಹೋಗುತ್ತೆ.

ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಫೈಲು ಬೇರೆ ಕಂಪ್ಯೂಟರಲ್ಲಿ ತೆಗೆದಾಗ ಟೋಪಿ ಹಾಕಿದ, ಬಾಲ ಬಿಟ್ಟ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಬಂದಿದ್ದು ನೋಡಿದ್ದೀರಲ್ಲ? ಆ ಫೈಲಿನ ಒಳಗೆ ಕನ್ನಡ ಇರಲೇ ಇಲ್ಲ. 'ಕ' ಅನ್ನೋ ಜಾಗದಲ್ಲಿ ಇಂಗ್ಲಿಷಿನ 'ಪಿ', ಪಕ್ಕದಲ್ಲಿ ತಲೆ ಮೇಲೆ ಗೀಟು ಇರೋ ಒಂದು 'ಎ'. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿ ನಿಲ್ಲಿಸಿತ್ತು, ಅಷ್ಟೇ. ಆ ಕಾಲಕ್ಕೆ ಆ ವೇಷದಿಂದಲೇ ಎಷ್ಟೋ ಕನ್ನಡ ಪುಸ್ತಕ ಅಚ್ಚಾಯ್ತು, ಅದನ್ನ ಮರೆಯೋಕಾಗಲ್ಲ. ಆದ್ರೆ ಹುಡುಕೋಕೆ, ಓದಿ ಹೇಳೋಕೆ, ಅನುವಾದಕ್ಕೆ ಅದು ಒದಗಲ್ಲ.

ಯುನಿಕೋಡ್ ಮಾಡಿದ್ದು ಸರಳ ಕೆಲಸ: ಪ್ರತಿ ಅಕ್ಷರಕ್ಕೂ ಅದರದ್ದೇ ಒಂದು ಸಂಖ್ಯೆ. 'ಕ' ಅಂದ್ರೆ 3221. ಯಾವ ಫೋನಾದರೂ, ಯಾವ ದೇಶದಲ್ಲಾದರೂ 3221 'ಕ'ನೇ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು.

3.
ಅಕ್ಷರ ಗೊತ್ತಾಯ್ತು. ಅರ್ಥ?

ನಮ್ಮಜ್ಜಿ ಊರು ಹೊಸಹಳ್ಳಿ. ಒಂದು ಮ್ಯಾಪಲ್ಲಿ ಅದು 'ಹೊಸಹಲ್ಲಿ' ಅಂತ ಬರ್ತಿತ್ತು. ಇಂಗ್ಲಿಷಿನಿಂದ ಯಂತ್ರ ತಾನೇ ಕನ್ನಡಕ್ಕೆ ತಂದ್ರೆ ಹೀಗೇ, ಇಂಗ್ಲಿಷಲ್ಲಿ 'ಲ'ಗೂ 'ಳ'ಗೂ ಒಂದೇ ಅಕ್ಷರ. ಅಜ್ಜಿಗೆ ತೋರಿಸಿದೆ. "ಹಲ್ಲಿ ಇರೋದು ನಿಜವೇ, ಅದನ್ನ ಬೋರ್ಡ್ ಬೇರೆ ಹಾಕ್ಬೇಕಾ?" ಅಂದ್ರು.

ಇನ್ನೊಂದು ತೊಡಕು. ಕರ್ನಾಟಕದಲ್ಲಿ ಹೊಸಹಳ್ಳಿ ಅನ್ನೋ ಊರು ಒಂದಾ ಎರಡಾ? ಬೆಂಗಳೂರು ಮೆಟ್ರೋ ನಿಲ್ದಾಣ ಒಂದರ ಹೆಸರಲ್ಲೂ ಹೊಸಹಳ್ಳಿ ಇದೆ. ಶಿವಮೊಗ್ಗದ ಹತ್ತಿರ, ತುಂಗೆಯ ದಡದಲ್ಲಿ, ಮತ್ತೂರಿನ ಎದುರಿಗೆ ಗಮಕಕ್ಕೆ ಹೆಸರಾದ ಹೊಸಹಳ್ಳಿ ಇದೆ. ನಾವು ಮಾತಿನ ಸಂದರ್ಭದಿಂದ ಹಿಡೀತೀವಿ. ಯಂತ್ರಕ್ಕೆ ಬಿಡಿಸಿ ಹೇಳಬೇಕು.

1989ರಲ್ಲಿ ವೆಬ್ಬಿನ ಯೋಜನೆ ಮುಂದಿಟ್ಟ ಟಿಮ್ ಬರ್ನರ್ಸ್-ಲೀ, 2001ರಲ್ಲಿ ಇನ್ನಿಬ್ಬರ ಜತೆ ಒಂದು ಲೇಖನ ಬರೆದು ಇದನ್ನೇ ಹೇಳಿದ್ರು: ವೆಬ್ಬಲ್ಲಿ ಪುಟಗಳ ಜತೆ ಅರ್ಥವೂ ಇರಬೇಕು. ದಾರಿ? ಹೈಸ್ಕೂಲ್ ವ್ಯಾಕರಣದ ಕರ್ತೃ, ಕರ್ಮ, ಕ್ರಿಯಾಪದ ನೆನಪಿದೆಯಾ? ಹೆಚ್ಚುಕಮ್ಮಿ ಅದೇ. ಪ್ರತಿ ವಿಷಯವನ್ನೂ ಮೂರು ತುಂಡಿನ ವಾಕ್ಯ ಮಾಡಿ.

ಎಚ್.ಆರ್. ಕೇಶವಮೂರ್ತಿ – ಪಡೆದ ಪ್ರಶಸ್ತಿ – ಪದ್ಮಶ್ರೀ (2022).
ಎಚ್.ಆರ್. ಕೇಶವಮೂರ್ತಿ – ಊರು – ಹೊಸಹಳ್ಳಿ.
ಹೊಸಹಳ್ಳಿ – ಜಿಲ್ಲೆ – ಶಿವಮೊಗ್ಗ.

ಈಗ "ಶಿವಮೊಗ್ಗ ಜಿಲ್ಲೆಯಲ್ಲಿ ಪದ್ಮಶ್ರೀ ಪಡೆದವರು ಯಾರು?" ಅಂತ ಕೇಳಿ. ಆ ಉತ್ತರ ಯಾವ ಪುಟದಲ್ಲೂ ಒಂದೇ ವಾಕ್ಯವಾಗಿ ಇಲ್ಲದಿದ್ರೂ ಯಂತ್ರ ಮೂರನ್ನೂ ಪೋಣಿಸಿ ಗಮಕಿ ಕೇಶವಮೂರ್ತಿಯವರ ಹೆಸರು ಹೇಳುತ್ತೆ. ಯಾವ ಹೊಸಹಳ್ಳಿ ಅನ್ನೋ ಗೊಂದಲ ಬರದಿರಲಿ ಅಂತ ಪ್ರತಿ ಊರಿಗೂ, ಪ್ರತಿ ವ್ಯಕ್ತಿಗೂ ಬೇರೆ ಬೇರೆ ಗುರುತಿನ ಸಂಖ್ಯೆ.

2012ರ ಅಕ್ಟೋಬರಿನಲ್ಲಿ ಶುರುವಾದ ವಿಕಿಡೇಟಾ ನಡೆಯೋದು ಹೀಗೇ. ಅಲ್ಲಿ ಕರ್ನಾಟಕ ಅಂದ್ರೆ ಕ್ಯೂ1185, ಬೆಂಗಳೂರು ಅಂದ್ರೆ ಕ್ಯೂ1355. ಆ ಸಂಖ್ಯೆಯ ಕೆಳಗೆ ಒಂದೊಂದು ಭಾಷೆಯವರು ತಮ್ಮ ಹೆಸರು ಬರೀತಾರೆ. ಕನ್ನಡದ ಸಾಲು ಖಾಲಿ ಬಿಟ್ರೆ ಯಂತ್ರ ಇಂಗ್ಲಿಷ್ ನೋಡಿ ಊಹೆ ಮಾಡುತ್ತೆ. ಊಹೆಯಲ್ಲಿ ಹಳ್ಳಿ ಹಲ್ಲಿಯಾಗುತ್ತೆ, ಕೆರೆ ಕೇರೆ ಹಾವಾಗುತ್ತೆ.

ಆ ಸಾಲು ತುಂಬೋಕೆ ಇಂಜಿನಿಯರ್ ಆಗಿರಬೇಕಿಲ್ಲ. ನಾನೀಗ ಭಾನುವಾರ ಅರ್ಧ ಗಂಟೆ ಕೂತು ನಮ್ಮ ತಾಲ್ಲೂಕಿನ ಊರುಗಳ ಹೆಸರು ಹಾಕ್ತಿದೀನಿ. ಗೊತ್ತಿಲ್ಲದ್ದಕ್ಕೆ ಅಜ್ಜಿಗೆ ಫೋನ್. 'ಲ'ನಾ 'ಳ'ನಾ ಅನ್ನೋದಕ್ಕೆ ಅಜ್ಜಿಗಿಂತ ಒಳ್ಳೇ ಸರ್ವರ್ ನನಗೆ ಸಿಕ್ಕಿಲ್ಲ.

4.
ನೀವೇನು ಮಾಡಬಹುದು? ಮೂರೇ ಕೆಲಸ.

ನೋಟಿಸ್ ಫೋಟೋ ಹಾಕಿದ್ರೆ ಕೆಳಗೆ ಎರಡು ಸಾಲು ಟೈಪ್ ಮಾಡಿ: ಏನು, ಯಾವಾಗ, ಎಲ್ಲಿ. ದಿನಾಂಕ 03-04 ಅಂತ ಬಿಡಬೇಡಿ, ಮಾರ್ಚೋ ಏಪ್ರಿಲ್ಲೋ ಯಂತ್ರಕ್ಕಿರಲಿ, ಕೆಲವು ಸಲ ನಮಗೇ ಗೊತ್ತಾಗಲ್ಲ. ತಿಂಗಳ ಹೆಸರು ಬರೀರಿ.

ಇಲ್ಲಿ ಪೋಸ್ಟ್ ಹಾಕುವಾಗ ಸೆಟ್ಟಿಂಗ್ಸಲ್ಲಿ 'ಆಲ್ಟ್ ಟೆಕ್ಸ್ಟ್' ಅಂತ ಒಂದು ಜಾಗ ಇದೆ. ಫೋಟೋದಲ್ಲಿ ಏನಿದೆ ಅಂತ ಒಂದು ವಾಕ್ಯ ಕನ್ನಡದಲ್ಲಿ ಹಾಕಿ. ನನ್ನ ಗೆಳತಿಯ ಥರದವರ ಫೋನು ಓದೋದು ಅದನ್ನೇ.

ಮೂರನೇದು ಈಗಲೇ ಆಗುತ್ತೆ. ನಿಮ್ಮೂರ ಹೆಸರು ಕಾಮೆಂಟಲ್ಲಿ ಬರೀರಿ, ಕನ್ನಡ ಅಕ್ಷರದಲ್ಲಿ. ಊರು, ತಾಲ್ಲೂಕು, ಜಿಲ್ಲೆ ಮೂರೂ ಇರಲಿ. ವಿಕಿಡೇಟಾದಲ್ಲಿ ಕನ್ನಡದ ಸಾಲು ಖಾಲಿ ಇದ್ರೆ ಈ ಭಾನುವಾರ ಸೇರಿಸೋಣ. ಲ, ಳ ನೋಡ್ಕೊಂಡು ಬರೀರಿ ಮತ್ತೆ.

#ಕನ್ನಡ #ಯುನಿಕೋಡ್ #ವಿಕಿಡೇಟಾ #ನಮ್ಮೂರಹೆಸರು