ಕೊಟ್ಟಿಗೆಯ ಜೀಪು

"ಅಡಿಗೆಮನೆಯ ಹೆಂಚು ಸೋರ್ತಿದೆ, ನಿಮಗೆ ಈ ಗುಜರಿಯ ಚಿಂತೆ!" ಎಂದು ಇವರ ಮೇಲೆ ರೇಗಿದವಳು ನಾನೇ. ಮಾವನವರು ಹೋದ ಮೇಲೆ ಅವರ ಮಹೀಂದ್ರ ಜೀಪು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಎತ್ತರದ ಎಂಜಿನ್ನಿಗೆಂದು ಬಾನೆಟ್ಟನ್ನೂ ಎತ್ತರಿಸಿ, 1953ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ತಂದ ಸಿಜೆ-3ಬಿ ಮಾದರಿ ಅದು. ಮುಂದೆ ನಮ್ಮ ದೇಶದಲ್ಲೇ ತಯಾರಾಯಿತು. ಈಗ ಅದರ ತಳವೆಲ್ಲ ಜರಡಿ.

ಮೆಕ್ಯಾನಿಕ್ ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದ. ಉಳಿದ ತುಕ್ಕು ಉಜ್ಜುವ ಕೆಲಸ, ಪಾತ್ರೆ ತಿಕ್ಕಿ ಪಳಗಿದ ಕೈಯೆಂದೋ ಏನೋ, ನನ್ನ ಪಾಲಿಗೆ ಬಂತು. ತುಕ್ಕಿನ ಮೇಲೇ ಬಣ್ಣ ಬಳಿದರೆ ಅದು ಒಳಗೊಳಗೇ ತಿನ್ನುತ್ತದೆ; ಲೋಹ ಹೊಳೆಯುವವರೆಗೆ ಉಜ್ಜಿ, ಒರೆಸಿ, ಅಂದೇ ರೆಡ್ ಆಕ್ಸೈಡ್ ಹಚ್ಚಬೇಕು. ಒಂದು ಸಂಜೆ ನೆಂಟರು ಬಂದರೆಂದು ಮಡ್‌ಗಾರ್ಡನ್ನು ಹಾಗೇ ಬಿಟ್ಟೆ. ಮಲೆನಾಡಿನ ಥಂಡಿ ಬಿಡುತ್ತದೆಯೇ? ಬೆಳಗಾಗುವಷ್ಟರಲ್ಲಿ ಮತ್ತೆ ಕಂದು!

ಗೇರಿನ ಪಕ್ಕದ ಎರಡು ಪುಟ್ಟ ಲಿವರುಗಳನ್ನು ಉಜ್ಜುವಾಗ ನನ್ನ ಕೈ ನಿಂತಿತು. 1986ರ ಆಷಾಢದ ರಾತ್ರಿ. ಎರಡನೆಯ ಹೆರಿಗೆ. ನೋವು ತಿನ್ನುತ್ತ ಹಿಂದೆ ಮಲಗಿದ್ದೆ. ಕೆಸರಿನ ಏರಿನಲ್ಲಿ ಚಕ್ರ ಇದ್ದಲ್ಲೇ ತಿರುಗಿತೇ ಹೊರತು ಜೀಪು ಮುಂದೆ ಹೋಗಲಿಲ್ಲ. ಮಾವನವರು ಒಂದು ಲಿವರಿನಿಂದ ಮುಂದಿನ ಚಕ್ರಗಳಿಗೂ ಬಲ ಕೊಟ್ಟರು, ಇನ್ನೊಂದನ್ನು ಲೋಗೆ ಹಾಕಿದರು. "ಹೆದರ್ಬೇಡ ಮಗಾ" ಎಂದರು. ನನ್ನೊಡನೆ ಎಂದೂ ಹೆಚ್ಚು ಮಾತಾಡದವರು. ಜೀಪು ಆನೆಯಂತೆ ಏರಿತು.

ಮೊನ್ನೆ, ಆ ರಾತ್ರಿ ಹುಟ್ಟಿದ ಮಗಳು ಬಂದವಳು ಲಿವರು ಮುಟ್ಟಿ "ಇದೇನಮ್ಮಾ?" ಎಂದಳು. ಇವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಕೊಟ್ಟೆ.

ಹೆಂಚು ಇನ್ನೂ ಸೋರುತ್ತಿದೆ. ಕೆಳಗೊಂದು ಪಾತ್ರೆ ಇಟ್ಟಿದ್ದೇನೆ.