ಜಾಮಿನ ಟೊಂಗೆ

ಹುಮನಾಬಾದಿನಿಂದ ತಂಗಿಯ ಮಗ ಫೋನ್ ಮಾಡಿದ. ‘ಮಾಮು, ನಾನಾ ನೆಟ್ಟ ಜಾಮಿನ ಗಿಡದ ಟೊಂಗೆಗಳು ನಿಮ್ಮ ಮಾಳಿಗೆ ಮೇಲೆ ಇವೆಯಂತಲ್ಲ, ಒಂದು ಕೊಡ್ತೀರಾ?’ ಯಾತಕ್ಕೆಂದು ಕೇಳಿದೆವು. ‘ಹಾವಿಗೆ’ ಅಂದ.

ಪೇರಲಕ್ಕೆ ನಮ್ಮ ಮನೆಮಾತಿನಲ್ಲಿ ಜಾಮ್ ಎನ್ನುತ್ತೇವೆ. ಬಸವಕಲ್ಯಾಣದ ಹಳೇ ಮನೆಯ ಅಂಗಳದಲ್ಲಿ ಅಬ್ಬಾ ನೆಟ್ಟಿದ್ದ ಆ ಗಿಡ ಹಿಸ್ಸೆಯಾದಾಗ ಉರುಳಿತು. ‘ಅಂಗಳ ಮಾರಬೇಡಿ ಭಾಯಿಜಾನ್’ ಎಂದು ತಂಗಿ ಹೇಳಿದ್ದಳು. ನಾವು ಮಾರಿದೆವು. ಅವಳ ಪಾಲಿನ ಹಣವನ್ನು ಒಂದು ಪೈಸೆ ಬಿಡದೆ ಮುಟ್ಟಿಸಿದೆವು. ಆಮೇಲೆ ಒಂದು ವರ್ಷ ಅವಳು ಕಲ್ಯಾಣಕ್ಕೆ ಬರಲಿಲ್ಲ, ನಾವು ಹುಮನಾಬಾದಿಗೆ ಹೋಗಲಿಲ್ಲ. ನಡುವೆ ಇದ್ದದ್ದು ಬಸ್ಸಿನ ಒಂದು ತಾಸಿನ ದಾರಿ.

ಹಾವನ್ನು ಹುಡುಗ ಬೆಂಗಳೂರಿನಿಂದ ತಂದಿದ್ದ. ನಮ್ಮ ನೆಲದ ಹಾವುಗಳನ್ನು, ಕೇರೆಯನ್ನು ಕೂಡ, ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಇದು ಪಶ್ಚಿಮ ಆಫ್ರಿಕಾದ ಸಣ್ಣ ಹೆಬ್ಬಾವು, ಬಾಲ್ ಪೈಥಾನ್; ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಇದನ್ನು ಸಾಕುವವರೂ 2024ರ ನಿಯಮದ ಪ್ರಕಾರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅವನು ನೋಂದಾಯಿಸಿದ್ದ. ದಖನ್ನಿನ ಕಥೆಗಳಲ್ಲಿ ಹುಲಿ ಏರಿದ ಸಂತರು ಹಾವನ್ನೇ ಚಾಟಿ ಮಾಡಿಕೊಂಡು ಬರುತ್ತಾರೆ. ನಮ್ಮೂರಿನಲ್ಲೇ ರಾಜಾ ಬಾಗ್ ಸವಾರರ ದರ್ಗಾ ಇದೆ. ಆದರೆ ಕಥೆಯ ಹಾವು ಬೇರೆ, ಮಗನ ಕೋಣೆಯ ಹಾವು ಬೇರೆ. ತಂಗಿ ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ಹುಡುಗ ಫೋನಿನಲ್ಲೇ ಪಾಠ ಹೇಳಿದ. ಎಕ್ಕ, ಕಳ್ಳಿ, ಕಣಗಿಲೆಯಂಥ ಹಾಲು ಸುರಿಸುವ ವಿಷದ ಗಿಡ ಕೂಡದು. ಅಂಟು ವಾಸನೆಯ ಪೈನ್, ದೇವದಾರು ಕೂಡದು. ತೊಗರಿ ಹೊಲದ ಬದುವಿನ ಗಿಡವೂ ಬೇಡ, ಔಷಧ ಹೊಡೆದ ಹನಿ ಬಿದ್ದಿರುತ್ತದೆ. ಪೇರಲ ಗಟ್ಟಿ ಕಟ್ಟಿಗೆ, ಒಳ್ಳೆಯದು. ದಪ್ಪ ಹಾವಿನ ಮೈಯಷ್ಟಾದರೂ ಇರಬೇಕು.

ಮಾಳಿಗೆಯ ಟೊಂಗೆಗಳಲ್ಲಿ ಒಂದನ್ನು ಆರಿಸಿದೆವು. ಸಡಿಲ ತೊಗಟೆ ಸುಲಿದು, ಬಿರುಕಿನಲ್ಲಿದ್ದ ಇರುವೆಗಳನ್ನು ಕೊಡವಿ, ತೆಂಗಿನ ನಾರಿನಿಂದ ಉಜ್ಜಿದೆವು. ಸಾಬೂನು ಮುಟ್ಟಿಸಲಿಲ್ಲ, ಕಟ್ಟಿಗೆ ಅದನ್ನು ಹೀರಿಕೊಳ್ಳುತ್ತದೆ. ಕುದಿಸಲು ಬಿರಿಯಾನಿಯ ದೇಗ್ ಕೇಳಿದರೆ ಬೇಗಂ ಬಾಗಿಲಿಗೆ ಅಡ್ಡ ನಿಂತರು. ಸ್ನಾನದ ಹಂಡೆಯಲ್ಲಿ ಒಂದು ತುದಿ, ಆಮೇಲೆ ಇನ್ನೊಂದು ತುದಿ ಅದ್ದಿ ಕುದಿಸಿದೆವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ನಂತರ ಐದು ದಿನ ಕಲ್ಯಾಣದ ಮೇ ತಿಂಗಳ ಬಿಸಿಲು. ಹಸಿ ಉಳಿದರೆ ಪೆಟ್ಟಿಗೆಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮುರಿದ ತುದಿಗಳ ಚೂಪನ್ನು ಮಾತ್ರ ಪಾಲಿಶ್ ಪೇಪರಿನಿಂದ ಸವೆಸಿದೆವು, ಗಂಟುಗಳನ್ನು ಹಾಗೇ ಬಿಟ್ಟೆವು. ಪೊರೆ ಕಳಚುವಾಗ ಹಾವಿಗೆ ಮೈ ತಿಕ್ಕಲು ಒರಟು ಬೇಕಂತೆ. ವಾರ್ನಿಶ್ ಇಲ್ಲ, ಎಣ್ಣೆಯೂ ಇಲ್ಲ.

ಎಲ್ಲಿ ಚುಚ್ಚೀತು ಎಂದು ಟೊಂಗೆಯ ಮೇಲೆ ಬೆರಳಾಡಿಸುತ್ತ ಕೂತಾಗ ನಮಗೆ ನಾಚಿಕೆಯಾಯಿತು. ಕಾಣದ ಹಾವಿನ ಮೈಗೆ ಗೀರು ಬೀಳಬಾರದೆಂದು ಇಷ್ಟು ಜತನ. ಒಡಹುಟ್ಟಿದವಳಿಗೆ ‘ಕಾಗದದಲ್ಲಿ ಎಲ್ಲ ಸರಿಯಾಗಿದೆ’ ಎಂದಷ್ಟೇ ಹೇಳಿದ್ದೆವು.

ಟೊಂಗೆಯನ್ನು ಹಳೇ ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ಹುಮನಾಬಾದಿಗೆ ಒಯ್ದೆವು. ತಂಗಿ ಬಾಗಿಲು ತೆರೆದು ಸಲಾಮಿಗೆ ಉತ್ತರ ಕೊಟ್ಟಳು, ನೀರು ತಂದಿಟ್ಟಳು, ಒಳಗೆ ಹೋದಳು. ಹುಡುಗನೂ ನಾವೂ ಸೇರಿ ಟೊಂಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ತಗ್ಗಾಗಿ ಕೂರಿಸಿ, ಎರಡೂ ತುದಿಗೆ ಸ್ಕ್ರೂ ಬಿಗಿದೆವು. ಇದು ಹೆಚ್ಚಾಗಿ ನೆಲದ ಮೇಲಿರುವ ಹಾವು. ಎತ್ತರದಿಂದ ಬಿದ್ದರೆ, ಇಲ್ಲವೇ ಟೊಂಗೆಯೇ ಮೇಲೆ ಬಿದ್ದರೆ ಗಾಯವಾಗುತ್ತದೆ. ಕತ್ತಲಾಗುವ ಹೊತ್ತಿಗೆ ಅದು ಮರೆಯಿಂದ ಹೊರಬಂದು, ನಾಲಿಗೆ ಚಾಚಿ ಟೊಂಗೆಯ ವಾಸನೆ ಹಿಡಿದು, ಮೆಲ್ಲಗೆ ಮೈಯೇರಿಸಿತು.

ಹಿಂದೆ ಸಪ್ಪಳವಾಯಿತು. ತಂಗಿ ಹೊಸ್ತಿಲ ಮೇಲಿದ್ದಳು. ಅವಳು ನೋಡುತ್ತಿದ್ದದ್ದು ಹಾವನ್ನಲ್ಲ. ಟೊಂಗೆಯ ನಡುವೆ ಇದ್ದ ಸವೆದ ಗುರುತನ್ನು. ಅದು ನಮ್ಮ ಜೋಕಾಲಿಯ ಹಗ್ಗ ತಿಂದ ಜಾಗ.

‘ಮಾರುವ ಮುಂಚೆ ನಿನ್ನ ಮಾತು ಕೇಳಬೇಕಿತ್ತು’ ಎಂದೆವು.

ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಸ್ವಲ್ಪ ಹೊತ್ತಿನ ನಂತರ ಕೇಳಿದಳು: ‘ಇನ್ನೂ ಎಷ್ಟು ಟೊಂಗೆ ಉಳಿದಿವೆ, ಭಾಯಿಜಾನ್?’